ಹುಳದ ಮನೆಯಲ್ಲಿ ನಿಂತಿದ್ದ ಅಂಬಾಸಿಡರ್

ಹಿಂದಿನ ಸೀಟು ಎತ್ತಿದಾಗ ಬಂದ ವಾಸನೆಗೆ ನಾನು ಹೊರಗೆ ಓಡಿ, ಹಿಪ್ಪುನೇರಳೆ ಸಾಲಿನ ಪಕ್ಕದಲ್ಲಿ ವಾಂತಿ ಮಾಡಿಕೊಂಡೆ. ಇಲಿ ಸತ್ತ ವಾಸನೆ ನನಗೆ ಗೊತ್ತು. ಇದು ಅದೊಂದೇ ಆಗಿರಲಿಲ್ಲ. ಇಲಿಯ ಉಚ್ಚೆ, ಕೊಳೆತ ಸೊಪ್ಪು, ಹುಳದ ಹಿಕ್ಕೆ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾದ ಸೀಟಿನ ನಾರು, ಇವೆಲ್ಲದರ ಕೆಳಗೆ ಮೂಗಿಗೆ ಚುಚ್ಚುವ ಇನ್ನೇನೋ ಒಂದು ಇತ್ತು. ಅದು ಯಾವುದೆಂದು ತಿಳಿಯಲು ನನಗೆ ಆ ಮಳೆಗಾಲದ ಅರ್ಧ ಬೇಕಾಯಿತು.

ಅಮ್ಮನ ತಿಥಿ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಭಾನುವಾರ ಅದು. ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ಕಾರಿನ ಕೆಲಸವನ್ನಾದರೂ ಶುರು ಮಾಡೋಣವೆಂದು ಹುಳದ ಮನೆಯ ಬಾಗಿಲು ತೆಗೆದಿದ್ದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಉದ್ದನೆಯ ಶೀಟಿನ ಕಟ್ಟಡಕ್ಕೆ ಹುಳದ ಮನೆ ಎನ್ನುತ್ತೇವೆ. ಅದರ ಮುಕ್ಕಾಲು ಭಾಗದಲ್ಲಿ ಅಮ್ಮ ಹುಳ ಸಾಕುತ್ತಿದ್ದಳು. ಉಳಿದ ಜಾಗದಲ್ಲಿ ಟಾರ್ಪಾಲು ಹೊದ್ದುಕೊಂಡು ಅಂಬಾಸಿಡರ್ ನಿಂತಿತ್ತು.

ಕಾರು ಅಮ್ಮನ ಅಣ್ಣನದು. ಮಾವ ಅದನ್ನು ದೊಡ್ಡಬಳ್ಳಾಪುರದ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಓಡಿಸುತ್ತಿದ್ದರು. ಓಡಿಸಲು ಆಗದ ವಯಸ್ಸು ಬಂದಾಗ ಗುಜರಿಗೆ ಹಾಕಲು ಹೊರಟರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಮ್ಮ ಬಿಡಲಿಲ್ಲ. ನಮ್ಮ ಹುಡುಗನಿಗೆ ಇದರ ಹುಚ್ಚು ಇದೆ, ಅವನೇ ಒಂದು ದಿನ ರಿಪೇರಿ ಮಾಡಿಕೊಳ್ಳುತ್ತಾನೆ ಎಂದು ಹೇಳಿ ಹುಳದ ಮನೆಯೊಳಗೆ ತಳ್ಳಿಸಿಕೊಂಡಳು. ಅಪ್ಪ ಹೋದ ಮೇಲೆ ಅವಳು ಹಟ ಮಾಡಿ ಗೆದ್ದದ್ದು ಬಹುಶಃ ಅದೊಂದೇ. ಬಸ್ಸು ಹತ್ತಿದರೆ ಅವಳಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಹಾಗಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಕಾರು ರೆಡಿಯಾದ ಮೇಲೆ ಕಿಟಕಿ ಇಳಿಸಿಕೊಂಡು ಶಿವಗಂಗೆಗೆ ಹೋಗೋಣ ಎನ್ನುತ್ತಿದ್ದಳು. ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಸೇರಿ, ಶಿಫ್ಟು ಓವರ್‌ಟೈಮುಗಳ ಮಧ್ಯೆ ವರ್ಷಗಳು ಕಳೆದವು. ಶಿಫ್ಟು ಬಿಟ್ಟ ಮೇಲೆ ಬಸ್ಸಿಗೆ ಕಾಯುತ್ತ ನಾನು ಫೋನಿನಲ್ಲಿ ನೋಡುತ್ತಿದ್ದದ್ದು ಹಳೆ ಕಾರುಗಳನ್ನು ಬಿಚ್ಚಿ ಜೋಡಿಸುವ ವಿಡಿಯೋಗಳನ್ನೇ. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆದು, ಎಲ್ಲಿ ಕತ್ತರಿಸಿದರೆಂದು ತಿಳಿಯದ ಹಾಗೆ ಮಾಡುತ್ತಾರಲ್ಲ, ಅದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುತ್ತಿರಲಿಲ್ಲ.

ವಿಡಿಯೋದಲ್ಲಿ ವಾಸನೆ ಬರುವುದಿಲ್ಲ.

ಮೂಗಿಗೆ ಟವೆಲು ಕಟ್ಟಿಕೊಂಡು ಮತ್ತೆ ಒಳಗೆ ಹೋದೆ. ಸೀಟಿನ ಸ್ಪ್ರಿಂಗುಗಳ ನಡುವೆ ಇಲಿಗಳು ಹಿಪ್ಪುನೇರಳೆ ಸೊಪ್ಪು ತಂದು ಗೂಡು ಮಾಡಿದ್ದವು. ಅದನ್ನು ಕೈಯಿಂದ ಬಾಚಿ ಚೀಲಕ್ಕೆ ತುಂಬಿದೆ. ಕೆಲವು ಮರಿಗಳು ಚರ್ಮವಾಗಿ ಸೊಪ್ಪಿಗೇ ಅಂಟಿಕೊಂಡಿದ್ದವು. ನೆಲದ ಮ್ಯಾಟು ಎತ್ತಿದರೆ ಅದರ ಜೊತೆ ನೆಲದ ತಗಡೂ ಹಪ್ಪಳದ ಹಾಗೆ ಎದ್ದು ಬಂತು. ಬಲಗಡೆ ಬಾಗಿಲಿನ ಒಳಹೊದಿಕೆ ಬಿಚ್ಚಿದಾಗ ಒಳಗೆ ರೇಷ್ಮೆ ಗೂಡುಗಳಿದ್ದವು. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಟ್ಟ ಬಿದಿರಿನ ತಟ್ಟೆಗಳನ್ನು, ಚಂದ್ರಿಕೆಗಳನ್ನು, ಅಮ್ಮ ಕಾರಿಗೆ ಒರಗಿಸಿ ಇಡುತ್ತಿದ್ದಳು. ಕೆಲವು ಹುಳಗಳು ಜಾರಿ, ಟಾರ್ಪಾಲಿನ ಕೆಳಗೆ ನುಸುಳಿ, ಗಾಜು ಇಳಿಯುವ ಸಂದಿಯಿಂದ ಬಾಗಿಲೊಳಗೆ ಸೇರಿ, ಅಲ್ಲೇ ಗೂಡು ಕಟ್ಟಿಕೊಂಡಿದ್ದವು. ಹಳದಿ ಬಣ್ಣ ಹೋಗಿ ಗೂಡುಗಳು ಕಂದಾಗಿದ್ದವು. ಒಂದನ್ನು ಕಿವಿಯ ಹತ್ತಿರ ಅಲುಗಾಡಿಸಿದೆ. ಒಳಗಿನ ಒಣಗಿದ ಹುಳ ಲೊಟಲೊಟ ಎಂದಿತು. ಇನ್ನೊಂದನ್ನು ಒತ್ತಿದಾಗ ಕಪ್ಪು ಪುಡಿಯ ಜೊತೆ ಸಣ್ಣ ಜೀರುಂಡೆಗಳು ಹೊರಬಂದು ಬೆರಳ ಮೇಲೆ ಹರಿದವು.

ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಅವಳು ಅಮ್ಮನ ತಂಗಿ. ಪಕ್ಕದ ಮನೆಯಲ್ಲೇ ಇದ್ದು ಅಮ್ಮನ ಜೊತೆ ಹುಳ ಸಾಕಿದವಳು.

"ಅಕ್ಕ ಇದ್ದಿದ್ರೆ ಆ ಗೂಡ್ನೂ ಬಿಡಿಸಿ ಮಾರ್ಕೆಟ್ಟಿಗೆ ಹಾಕ್ತಿದ್ಲು," ಎಂದಳು. ನಂತರ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಟುಹೋದಳು. ಮುಚ್ಚಿಕೊಂಡದ್ದು ವಾಸನೆಗೋ ಅಳುವಿಗೋ ನನಗೆ ತಿಳಿಯಲಿಲ್ಲ.

ಕಾರನ್ನು ಟ್ರಾಕ್ಟರಿಗೆ ಕಟ್ಟಿ, ನೆಲಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿನ ಓನರು ಮೊದಲಿನಿಂದ ಪರಿಚಯ. ಶಿಫ್ಟಿಲ್ಲದ ಹೊತ್ತಿನಲ್ಲಿ ನಾನು ಅವರ ಹತ್ತಿರ ಕೆಲಸ ಕಲಿಯುತ್ತಿದ್ದೆ. ಕೂಲಿ ಅವರು ಕೊಡುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಬದಲಿಗೆ ಒಂದು ಮೂಲೆ, ಗ್ರೈಂಡರು, ವೆಲ್ಡಿಂಗ್ ಸೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಅವರ ಕೈಯ ವಿದ್ಯೆ ನನಗೆ ಸಿಗುತ್ತಿತ್ತು. ಜಜ್ಜಿದ ತಗಡು ಸರಿಯಾಯಿತೋ ಇಲ್ಲವೋ ನೋಡಲು ಅವರು ತೆಳುವಾದ ಬಟ್ಟೆ ಹಾಸಿ, ಅದರ ಮೇಲೆ ಅಂಗೈ ಆಡಿಸುತ್ತಿದ್ದರು. ಕಣ್ಣು ಮೋಸ ಹೋಗುತ್ತದೆ, ಅಂಗೈ ಹೋಗುವುದಿಲ್ಲ ಎಂದು ನನಗೂ ಅದನ್ನೇ ಕಲಿಸಿದರು. ಕೂದಲೆಳೆಯಷ್ಟು ಉಬ್ಬಿದ್ದರೂ ಅವರ ಕೈಗೆ ಗೊತ್ತಾಗುತ್ತಿತ್ತು.

ನನ್ನ ಕಾರನ್ನು ಸುತ್ತು ಹಾಕಿ ನೋಡಿ, "ಏನಪ್ಪಾ, ಇದನ್ನ ರಿಪೇರಿ ಮಾಡ್ತೀಯೋ, ಮಣ್ಣು ಮಾಡ್ತೀಯೋ?" ಎಂದರು. ಆಮೇಲೆ ನನ್ನ ಬೋಳಿಸಿದ ತಲೆ ಅವರ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ನಿಲ್ಲಿಸಿಕೋ ಎಂದು ಕೈ ತೋರಿಸಿದರು.

ಎಂಜಿನ್ನು ಅಷ್ಟೇನೂ ಕಾಡಲಿಲ್ಲ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ವಾರದ ಮೇಲೆ ತಿರುಗಿಸಿದಾಗ ಬಿಟ್ಟುಕೊಂಡಿತು. ನನ್ನನ್ನು ಸೋಲಿಸಿದ್ದು ಮೈ. ಬಾನೆಟ್ಟಿನ ಮೇಲಿನ ತುಕ್ಕನ್ನು ತಂತಿ ಚಕ್ರದಲ್ಲಿ ಉಜ್ಜಿ, ತಗಡು ಬೆಳ್ಳಿಯ ಹಾಗೆ ಆದ ಮೇಲೆ, ತೊಳೆದು ಒರೆಸಿ ಪ್ರೈಮರು ಹೊಡೆದೆ. ಮುಂದಿನ ವಾರ ಬಂದು ನೋಡಿದರೆ ಪ್ರೈಮರಿನ ಮೇಲೆ ಬೆವರುಸಾಲೆಯಂತೆ ಗುಳ್ಳೆಗಳೆದ್ದಿದ್ದವು. ಒಂದನ್ನು ಮೊಳೆಯಿಂದ ಚುಚ್ಚಿದೆ. ಕಂದು ನೀರು ಒಸರಿತು. ತಗಡಿನೊಳಗೆ ಕೀವಾಗಿದೆಯೇನೋ ಅನ್ನಿಸಿತು.

ಪ್ರೈಮರು ಹಳೆಯದಿರಬೇಕೆಂದುಕೊಂಡೆವು. ಹೊಸ ಡಬ್ಬ ತಂದು, ಎಲ್ಲ ಕಿತ್ತು, ಮತ್ತೆ ಉಜ್ಜಿ ಹೊಡೆದೆ. ಮತ್ತೆ ಗುಳ್ಳೆ. ಮಳೆಗಾಲದ ತೇವ ಕಾರಣವಿರಬಹುದೆಂದು ಬಿಸಿಗಾಳಿ ಹಾಯಿಸಿ ಒಣಗಿಸಿ ಹೊಡೆದೆ. ಆಗಲೂ ಗುಳ್ಳೆ ಎದ್ದಿತು. ತಂತಿ ಚಕ್ರದಲ್ಲಿ ಬೆಳಿಗ್ಗೆ ಉಜ್ಜಿ ಬೆಳ್ಳಗೆ ಮಾಡಿದ ತಗಡು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ಪುಡಿ ನನ್ನ ಮೂಗು, ಕಣ್ಣಿನ ಮೂಲೆ, ಎಂಜಲು ಎಲ್ಲದರಲ್ಲೂ ಇತ್ತು. ಅನ್ನ ಕಲೆಸುವಾಗ ಉಗುರಿನ ಸಂದಿಯ ತುಕ್ಕು ಕಂಡು ತಟ್ಟೆ ದೂರ ತಳ್ಳಿದ್ದುಂಟು. ಹಳೆ ಕಾರು ಕಂಡರೆ ಓಡಿಹೋಗಿ ಮುಟ್ಟುತ್ತಿದ್ದ ನಾನು ಆ ದಿನಗಳಲ್ಲಿ ಗ್ಯಾರೇಜಿನ ಗೇಟು ದಾಟುವಾಗಲೇ ಉಸಿರು ಬಿಗಿ ಹಿಡಿಯುತ್ತಿದ್ದೆ.

"ಏನ್ ಗುರು, ನಿನ್ ಕಾರಿಗೆ ಅಮ್ಮ ಎದ್ದೈತಾ?" ಎಂದು ಓನರು ಒಂದು ದಿನ ಗುಳ್ಳೆಗಳನ್ನು ನೋಡಿ ನಗಾಡಿದರು. ನಮ್ಮ ಕಡೆ ಸಿಡುಬಿಗೂ ಅಮ್ಮ ಎಂದೇ ಹೇಳುವುದು. ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. ಟೀ ತರಿಸಿದರು. ನಾನು ಕುಡಿದೆ.

ಅಷ್ಟು ಹೊತ್ತಿಗೆ ಅವರಿಗೆ ನನ್ನ ಮೇಲೆ ಮರುಕ ಬಂದಿತ್ತು. ಇದನ್ನೆಲ್ಲ ಬಿಡು, ತುಕ್ಕಿನ ಮೇಲೆ ಫೈಬರು ಅಂಟಿಸಿ, ಪುಟ್ಟಿ ತುಂಬಿ, ನೀಟಾಗಿ ಪೇಂಟು ಹೊಡೆದರೆ ಎರಡು ಮಳೆಗಾಲ ಏನೂ ಆಗುವುದಿಲ್ಲ ಎಂದರು. ಮದುವೆಗೆ ಮುಂಚೆ ಜೋಡಿಗಳ ಫೋಟೋ ತೆಗೆಯುವವರಿಗೆ ಹಳೆ ಕಾರುಗಳನ್ನು ಒದಗಿಸಲು ಅವರು ಆಗ ತಾನೆ ಶುರು ಮಾಡಿದ್ದರು. ಗ್ಯಾರೇಜಿನ ಮುಂದೆ ಅಂಥ ಎರಡು ಕಾರುಗಳು ಯಾವಾಗಲೂ ಫಳಫಳ ಹೊಳೆಯುತ್ತಿರುತ್ತಿದ್ದವು. ನಾನು ಬೇಡವೆಂದೆ. ಶಿವಗಂಗೆಯವರೆಗೆ ಹೋಗಿ ಬರುವಂಥ ಕಾರು ಬೇಕು ಎಂದೆ. ಯಾರನ್ನು ಕರೆದುಕೊಂಡು ಹೋಗುತ್ತೀಯ ಎಂದು ಅವರು ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಗ್ಯಾರೇಜಿನಲ್ಲಲ್ಲ. ಚಿಕ್ಕಮ್ಮ ಅಮ್ಮನ ಹುಳದ ಮನೆಯಲ್ಲಿ ಹೊಸದಾಗಿ ಹುಳದ ಬೆಳೆ ಇಡಲು ತೀರ್ಮಾನಿಸಿದಳು. ಹುಳ ತರುವ ಮುಂಚೆ ಮನೆಯನ್ನೆಲ್ಲ ತೊಳೆದು ಔಷಧಿ ಹೊಡೆಯಬೇಕು, ಇಲ್ಲದಿದ್ದರೆ ಹುಳಕ್ಕೆ ರೋಗ ಬರುತ್ತದೆ. ನನ್ನನ್ನು ಸಹಾಯಕ್ಕೆ ಕರೆದಳು. ಡ್ರಮ್ಮಿನಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪೌಡರು ಕಲೆಸಿ, ತಿಳಿಯನ್ನು ಸೋಸಿ, ನನ್ನ ಬೆನ್ನಿಗೆ ಸ್ಪ್ರೇಯರು ಹೊರಿಸಿದಳು. ಮೊದಲ ಗೋಡೆಗೆ ಹೊಡೆದಾಗಲೇ ಕಣ್ಣು ಉರಿದು ಮೂಗಿಗೆ ಚುಚ್ಚಿತು. ನಾನು ಸ್ಪ್ರೇಯರಿನ ಹಿಡಿ ಬಿಟ್ಟು ನಿಂತೆ. ಸೀಟು ಎತ್ತಿದ ದಿನ ಎಲ್ಲ ವಾಸನೆಗಳ ಕೆಳಗೆ ಇದ್ದದ್ದು ಇದೇ. ಅಮ್ಮನ ಕೈಯಲ್ಲಿ ಇರುತ್ತಿದ್ದದ್ದೂ ಇದೇ. ಬೆಳೆ ಮುಗಿದ ಪ್ರತಿ ಸಲವೂ ಅವಳ ಬೆರಳ ತುದಿಗಳು ಸುಲಿದಿರುತ್ತಿದ್ದವು.

ಅಮ್ಮ ಔಷಧಿ ಹೊಡೆಯುವಾಗ ಕಾರಿಗೂ ತಾಗುತ್ತಿತ್ತೇ ಎಂದು ಚಿಕ್ಕಮ್ಮನನ್ನು ಕೇಳಿದೆ.

"ತಾಗೋದೇನಪ್ಪಾ, ಕಾರ್ನೂ ತೊಳೀತಿದ್ಲು. ಹುಳದ ಮನೇಲಿ ಒಂದ್ ಮೂಲೆ ಗಲೀಜಿದ್ರೂ ರೋಗ ಬರುತ್ತೆ ಅಂತ, ಬಟ್ಟೆ ಅದ್ದಿ ಅದ್ದಿ ಒರೆಸೋಳು. ಬಾಗ್ಲು ತೆಗೆದು ಒಳಗೂ ಹೊಡೆಯೋಳು. ಡಿಕ್ಕಿನೂ ಬಿಡ್ತಿರಲಿಲ್ಲ."

"ಪ್ರತಿ ಬೆಳೆಗೂನಾ?"

"ಹೂಂ. ನಾನು ಬೈದಿದ್ದೀನಿ, ಸುಮ್ನೆ ಯಾಕೆ ಸೊಂಟ ನೋಯಿಸ್ಕೊಳ್ತೀಯ ಅಂತ. ನಮ್ ಹುಡುಗ ಕೆಲಸ ಶುರು ಮಾಡ್ದಾಗ ಕ್ಲೀನಾಗಿರ್ಬೇಕು ಕಣೇ ಅನ್ನೋಳು."

ಬ್ಲೀಚಿಂಗ್ ಪೌಡರು ಕಬ್ಬಿಣಕ್ಕೆ ವಿಷ. ಅದರ ಉಪ್ಪು ತುಕ್ಕಿನ ಸಣ್ಣ ಸಣ್ಣ ಗುಳಿಗಳೊಳಗೆ ಕೂತುಬಿಡುತ್ತದೆ. ಮೇಲೆ ಎಷ್ಟು ಉಜ್ಜಿದರೂ ಕೆಳಗಿನದು ಗಾಳಿಯ ತೇವ ಎಳೆದುಕೊಂಡು ಮತ್ತೆ ತಿನ್ನತೊಡಗುತ್ತದೆ. ನನ್ನ ಪ್ರೈಮರಿನ ಕೆಳಗೆ ನಡೆಯುತ್ತಿದ್ದದ್ದು ಅದೇ. ಸುಮ್ಮನೆ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದರೆ ಈ ಕಾರಿಗೆ ಇದರ ಅರ್ಧದಷ್ಟೂ ಕೇಡಾಗುತ್ತಿರಲಿಲ್ಲ. ವರ್ಷಕ್ಕೆ ಹಲವು ಸಲ, ಒಂದು ಸಲವೂ ತಪ್ಪಿಸದೆ, ಅಮ್ಮ ಅದನ್ನು ತೊಳೆದಿದ್ದಳು.

ನನಗೆ ಆಗ ಅಳು ಬರಲಿಲ್ಲ. ಹೇಸಿಗೆಯಾಯಿತು. ಆ ಡ್ರಮ್ಮು, ಆ ಬಿಳಿ ನೀರು, ನನ್ನ ಕೈಗೆ ಅಂಟಿದ ವಾಸನೆ ಎಲ್ಲದರ ಮೇಲೂ. ಅಮ್ಮನ ಮೇಲೆ ಆಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸ್ವಲ್ಪ ಅವಳ ಮೇಲೂ ಆಯಿತು. ಒಂದು ಮಾತು ಕೇಳಬಾರದಿತ್ತೇ ಅನ್ನಿಸಿತು. ಅವಳಿಗೆ ಅದು ಕೇಳುವ ವಿಷಯವೆಂದೇ ತೋರಿರಲಿಕ್ಕಿಲ್ಲ. ರೋಗ ಓಡಿಸುವ ನೀರು ಕಾರಿಗೆ ಏನು ಮಾಡೀತು? ಗೋಡೆಗೆ, ನೆಲಕ್ಕೆ, ಚಂದ್ರಿಕೆಗೆ, ತನ್ನ ಕೈಗೆ ಹಾಕಿಕೊಂಡದ್ದನ್ನೇ ಅವಳು ಕಾರಿಗೂ ಹಾಕಿದ್ದಳು.

ಕಾರಣ ತಿಳಿದ ಮೇಲೆ ಕೆಲಸದ ದಾರಿ ಕಂಡಿತು. ಉಪ್ಪನ್ನು ಉಜ್ಜಿ ತೆಗೆಯಲಾಗುವುದಿಲ್ಲ, ನೀರಿನಲ್ಲಿ ಕರಗಿಸಿ ತೆಗೆಯಬೇಕು. ನಮ್ಮ ಬೋರ್‌ವೆಲ್ ನೀರಿನಲ್ಲಿ ಬಕೆಟ್ಟೇ ಬಿಳಿಗಟ್ಟುತ್ತದೆ, ಅದರಲ್ಲಿ ತೊಳೆದರೆ ಒಂದು ಉಪ್ಪು ತೆಗೆದು ಇನ್ನೊಂದು ಹಾಕಿದ ಹಾಗೆ. ಹಾಗಾಗಿ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ಫಿಲ್ಟರ್ ನೀರು ಹೊತ್ತು ತರಲು ಶುರು ಮಾಡಿದೆ. ಗ್ಯಾರೇಜಿನ ಮೊಪೆಡ್ ಗಾಡಿಯ ಮುಂದೊಂದು, ಹಿಂದೊಂದು ಕ್ಯಾನು ಕಟ್ಟಿಕೊಂಡು ದಿನಾ ಹೋಗುವುದನ್ನು ಕಂಡು ಸಾಲಿನಲ್ಲಿದ್ದವರು ಮನೆಯಲ್ಲಿ ಮದುವೆಯೇ ಎಂದು ವಿಚಾರಿಸಿದರು. ಕಾರು ತೊಳೆಯಲು ಎಂದೆ.

"ಮನುಷ್ಯರು ಬೋರ್ ನೀರು ಕುಡೀಲಿ, ಇವನ ಕಾರು ಫಿಲ್ಟರ್ ನೀರು ಕುಡೀಲಿ," ಎಂದು ಒಬ್ಬ ಮುದುಕ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನಗು ಎದ್ದಿತು. ಆದರೆ ಆತನೇ ಕ್ಯಾನನ್ನು ಗಾಡಿಗೆ ಎತ್ತಿಕೊಟ್ಟ.

ನೀರು ಕುದಿಸಿ, ಬಿಸಿಯಿರುವಾಗಲೇ ಸುರಿದು ಬ್ರಷ್ಷಿನಲ್ಲಿ ತಿಕ್ಕಿ, ಗಾಳಿ ಹೊಡೆದು ಒಣಗಿಸಬೇಕು. ಒಣಗಿದ ತಗಡು ಮತ್ತೆ ಕೆಂಪಾಗುತ್ತದೆ. ಅದನ್ನು ಉಜ್ಜಿ ಮತ್ತೆ ಸುರಿಯಬೇಕು. ಕೆಂಪಾಗುವುದು ನಿಲ್ಲುವವರೆಗೂ ಇದನ್ನೇ ಮಾಡುತ್ತಿರಬೇಕು. ನಿಂತ ಕೂಡಲೇ, ಕೈ ಕೂಡ ತಾಗಿಸದೆ ಪ್ರೈಮರು ಹೊಡೆಯಬೇಕು. ಬಾನೆಟ್ಟಿನ ಒಳಭಾಗದಲ್ಲಿ ಅಂಗೈಯಗಲ ಜಾಗಕ್ಕೆ ಹಾಗೆ ಮಾಡಿ ಬಿಟ್ಟೆ. ಜಡಿಮಳೆ ಹಿಡಿದು ಬಿಟ್ಟ ಮೇಲೂ ಅಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಓನರು ಅದರ ಮೇಲೆ ಉಗುರಿನಿಂದ ಕೆರೆದು ನೋಡಿ, "ಪರವಾಗಿಲ್ಲ ಕಣೋ," ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು. ಅಮ್ಮ ಹೋದ ಮೇಲೆ ಮೊದಲ ಸಲ ನನಗೆ ಹಸಿವಾಯಿತು.

ಆಮೇಲೆ ಅಸಲು ಕೆಲಸ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಪೆಟ್ಟಿಗೆಯಂತೆ ಮಡಚಿದ ತಗಡು ಹೋಗುತ್ತದೆ. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ಆ ಎರಡು ಪೆಟ್ಟಿಗೆಗಳೇ ಬೆನ್ನುಮೂಳೆ. ಎಡಗಡೆಯದಕ್ಕೆ ಸ್ಕ್ರೂಡ್ರೈವರು ಒತ್ತಿದರೆ ಹಿಡಿಯವರೆಗೆ ಇಳಿಯಿತು. ಬಲಗಡೆಯದೂ ಹಾಗೆಯೇ. ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಪೈಪು ಬೆಸೆದು, ಮೈ ಬಾಗದಂತೆ ಬಿಗಿ ಮಾಡಿ, ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸದು ಹಾಕಬೇಕಿತ್ತು. ಓನರಿಗೆ ಹೇಳಿದೆ. ಆಗಲಿ ಎಂದರು.

ಅಷ್ಟರಲ್ಲಿ ಚಿಕ್ಕಮ್ಮನ ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ಹುಳ ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎನ್ನುತ್ತೇವೆ. ಕೊನೆಯ ಜ್ವರದಿಂದ ಎದ್ದ ಮೇಲೆ ಅವು ಬಿಡುವಿಲ್ಲದೆ ಮೇಯುತ್ತವೆ, ಮನೆಯವರಿಗೆ ಕೂರಲು ಪುರಸೊತ್ತಿರುವುದಿಲ್ಲ. ಅದೇ ವಾರ ಮಹಾಲಯ ಅಮಾವಾಸ್ಯೆಯೂ ಬಂತು. ತೀರಿಕೊಂಡವರಿಗೆ ಎಡೆ ಇಡುವ ಹಬ್ಬ. ಅಮ್ಮನಿಗೆ ಮೊದಲನೆಯದು. ಕಾರ್ಖಾನೆಗೆ ರಜೆ ಹಾಕಿ ಊರಲ್ಲೇ ಉಳಿದೆ. ಸೊಪ್ಪು ತಂದೆ, ಹಿಕ್ಕೆ ಬಾಚಿದೆ, ಎಡೆಯ ಮುಂದೆ ಅವಳ ಎಲೆ ಅಡಿಕೆ ಚೀಲ ಇಟ್ಟು ಕೈ ಮುಗಿದೆ.

ವಾರ ಕಳೆದು ಗ್ಯಾರೇಜಿಗೆ ಹೋದರೆ ನನ್ನ ಕಾರು ಮೂಲೆಯಲ್ಲಿರಲಿಲ್ಲ. ರಸ್ತೆಯ ಪಕ್ಕದಲ್ಲಿ, ಫೋಟೋದ ಕಾರುಗಳ ಸಾಲಿನಲ್ಲಿ ನಿಂತಿತ್ತು. ಕೆನೆ ಬಣ್ಣ. ಬಾನೆಟ್ಟಿಗೆ ಚೆಂಡು ಹೂವಿನ ಹಾರ. ಬಣ್ಣದಲ್ಲಿ ಮುಖ ಕಾಣುತ್ತಿತ್ತು.

"ಹೆಂಗೈತೆ?" ಎಂದು ಓನರು ಕೈ ಒರೆಸಿಕೊಳ್ಳುತ್ತ ಬಂದರು. ಅವರ ಮುಖದಲ್ಲಿದ್ದದ್ದು ನಿಜವಾದ ಸಂತೋಷ. "ಆಯುಧಪೂಜೆ ಒಳಗೆ ಮುಗಿಸಿ ನಿನಗೆ ತೋರಿಸ್ಬೇಕು ಅಂತ ಎಲ್ರನ್ನೂ ಇದಕ್ಕೇ ಕೂರಿಸ್ದೆ. ನಿಮ್ಮಮ್ಮಂಗೆ ಮೊದಲ್ನೇ ವರ್ಷ ಅಲ್ವೇನೋ. ನೀನು ಒಬ್ನೇ ಒದ್ದಾಡೋದು ನೋಡೋಕಾಗ್ತಿರಲಿಲ್ಲ."

ನಾನು ಬಗ್ಗಿ ಎಡಗಡೆ ಬಾಗಿಲ ಕೆಳಗೆ ಅಂಗೈ ಆಡಿಸಿದೆ. ಉಬ್ಬಿಲ್ಲ, ತಗ್ಗಿಲ್ಲ, ಏನೂ ಇಲ್ಲ. ಅಷ್ಟು ಚೆನ್ನಾದ ಕೆಲಸ. ಅವರು ಕಲಿಸಿದ ವಿದ್ಯೆಗೆ ಅವರ ಕೈಯ ಮೋಸ ಸಿಗುತ್ತಿರಲಿಲ್ಲ. ಹಳೆ ಸ್ಪೀಕರಿನ ಆಯಸ್ಕಾಂತವೊಂದು ನನ್ನ ಟೂಲ್ ಬಾಕ್ಸಿನಲ್ಲಿತ್ತು. ತಂದು ಒತ್ತಿದೆ. ಹಿಡಿಯಲಿಲ್ಲ, ಕೆಳಗೆ ಬಿತ್ತು. ಒಂದು ಗೇಣು ಮುಂದೆ ಒತ್ತಿದೆ. ಅಲ್ಲೂ ಬಿತ್ತು. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಅದು ಎಲ್ಲೂ ನಿಲ್ಲಲಿಲ್ಲ.

ನಾನು ಜಾಕು ತಂದು ಕಾರಿನ ಹೊಟ್ಟೆಗೆ, ನಡುಮಧ್ಯಕ್ಕೆ ಕೊಟ್ಟು ಎತ್ತಿದೆ. ಚಕ್ರಗಳು ನೆಲ ಬಿಡುವ ಮುಂಚೆಯೇ ಎಡ ಬಾಗಿಲ ಮೂಲೆಯಲ್ಲಿ ಬಣ್ಣಕ್ಕೆ ಕೂದಲಿನಂಥ ಬಿರುಕು ಬಂತು. ಬಾಗಿಲಿನ ಹಿಡಿ ಎಳೆದೆ. ತೆಗೆಯಲಿಲ್ಲ. ಕಾರು ನಡುವಿನಲ್ಲಿ ಬಾಗಿ, ಚೌಕಟ್ಟು ಬಾಗಿಲನ್ನು ಕಚ್ಚಿಕೊಂಡಿತ್ತು. ಜಾಕು ಇಳಿಸಿದೆ. ಬಾಗಿಲು ತಾನಾಗಿ ಬಿಟ್ಟುಕೊಂಡಿತು.

"ಜಾಕ್ ಮೇಲೆ ನಿಲ್ಸಿ ಯಾರು ಬಾಗ್ಲು ತೆಗೀತಾರೋ?" ಎಂದು ಓನರು ಕೇಳಿದರು.

"ಯಾರೂ ತೆಗೆಯಲ್ಲಣ್ಣ."

"ಮತ್ತೆ? ದೇವನಹಳ್ಳಿ ಕಡೆ ಫೋಟೋದೋರು ಬಂದು ನೋಡಿ ಇಷ್ಟಪಟ್ಟು ಹೋಗಿದ್ದಾರೆ. ಗಂಡು ಹೆಣ್ಣು ಒಳಗೆ ಕೂತ್ಕೊಳ್ತಾರೆ, ಬೆಟ್ಟದ ರಸ್ತೇಲಿ ಮೆಲ್ಲಗೆ ಓಡಿಸೋದು, ಅಷ್ಟೆ. ಆಮೇಲೆ ನಿಧಾನಕ್ಕೆ ನಿನಗೆ ಹೆಂಗ್ ಬೇಕೋ ಹಂಗ್ ಮಾಡ್ಕೋ."

ಬೆಟ್ಟದ ರಸ್ತೆಯ ತಿರುವಿನಲ್ಲಿ ಒಂದು ಗುಂಡಿಗೆ ಚಕ್ರ ಇಳಿದರೆ ಸಾಕು, ಕಾರಿನ ನಡು ಮುರಿಯುತ್ತದೆ. ಅದು ಅವರಿಗೂ ಗೊತ್ತು. ಅವರು ಕೆಟ್ಟವರಲ್ಲ. ಗೊತ್ತಿರುವುದನ್ನು ಬಣ್ಣದ ಕೆಳಗೆ ಹಾಕಿ ಮರೆಯುವುದು ಅವರಿಗೆ ಅಭ್ಯಾಸವಾಗಿತ್ತು. ಕಾರು ನನ್ನದು, ಆದರೆ ಜಾಗ, ಬಣ್ಣ, ವಾರದ ಶ್ರಮ ಎಲ್ಲ ಅವರದು. ಇದನ್ನು ಒಪ್ಪಿಕೊಂಡರೆ ನನಗೆ ಗ್ಯಾರೇಜೂ ಉಳಿಯುತ್ತದೆ, ಕಲಿಸುವವರೂ ಉಳಿಯುತ್ತಾರೆ. ಹೊಸ ಪುಟ್ಟಿಯ ಸಿಹಿ ಸಿಹಿ ವಾಸನೆ ಬರುತ್ತಿತ್ತು. ಅದರ ಕೆಳಗೆ, ಎಲ್ಲೋ ಆಳದಲ್ಲಿ, ಬ್ಲೀಚಿಂಗ್ ಪೌಡರಿನದೂ ಬಂತು.

ಒಳಗೆ ಹೋಗಿ ಗ್ರೈಂಡರು ತಂದು ಕಟಿಂಗ್ ವೀಲು ಹಾಕಿದೆ.

"ಲೇ, ಪೇಂಟ್ ಇನ್ನೂ ಹಸಿ ಐತೆ ಕಣೋ."

ಎಡ ಬಾಗಿಲ ಕೆಳಗೆ ಉದ್ದಕ್ಕೆ ಎಳೆದೆ. ಕಿಡಿ ಹಾರಲಿಲ್ಲ. ತಗಡಾಗಿದ್ದರೆ ತಾನೇ ಹಾರುವುದು. ಹಿಟ್ಟಿನಂಥ ಬಿಳಿ ಪುಡಿ ಎದ್ದು ಇಬ್ಬರ ಮುಖಕ್ಕೂ ಮೆತ್ತಿತು. ಕತ್ತರಿಸಿದ ತುಂಡು ಗೋಡೆಯ ಗಾರೆಯ ಹಾಗೆ ಕಳಚಿ ಬಿತ್ತು. ಹಿಂದೆ ಪುಟ್ಟಿ ನಿಲ್ಲಲೆಂದು ತುರುಕಿದ ಪೇಪರು, ಗೋಣಿ ಚೀಲ, ಥರ್ಮಕೋಲು. ಅದರ ಹಿಂದೆ ನಾನು ಇನ್ನೂ ತೆಗೆದಿರದಿದ್ದ ಹಳೆಯ ಗಲೀಜು, ಹಿಕ್ಕೆ, ಸೊಪ್ಪು, ತುಕ್ಕಿನ ಕಂದು ಹಪ್ಪಳಗಳು, ಎಲ್ಲ ಒದ್ದೆಯಾಗಿ ಹಾಗೇ ಇತ್ತು. ಯಾರೂ ಒಂದು ಹಿಡಿಯನ್ನೂ ತೆಗೆದಿರಲಿಲ್ಲ. ನೀರು ಹ್ಯಾಂಡ್‌ಬ್ರೇಕಿನ ತಂತಿಯುದ್ದಕ್ಕೂ ತೊಟ್ಟಿಕ್ಕಿತು.

ಗ್ರೈಂಡರು ನಿಂತಿತು. ಓನರು ಮೇನ್ ಸ್ವಿಚ್ಚು ಇಳಿಸಿದ್ದರು.

"ನಿನಗೆ ಒಳ್ಳೇದು ಮಾಡಿದ್ದು ತಪ್ಪಾಯ್ತಾ?"

"ಅಣ್ಣ, ಒಳಗೆ ಏನೂ ಇಲ್ಲಣ್ಣ."

ಅವರು ಮುಖದ ಮೇಲಿನ ಬಿಳಿ ಪುಡಿ ಒರೆಸಿಕೊಳ್ಳಲಿಲ್ಲ. ಹಬ್ಬದ ಮುಂಚೆ ಕಾರು ತೆಗೆದುಕೊಂಡು ಹೋಗು ಎಂದಷ್ಟೇ ಹೇಳಿದರು. ಹಾರವನ್ನು ಅವರೇ ಬಿಚ್ಚಿ ಪಕ್ಕದ ಕಾರಿಗೆ ಹಾಕಿದರು.

ಅದೇ ಟ್ರಾಕ್ಟರಿನಲ್ಲಿ ಕಾರು ಊರಿಗೆ ವಾಪಸಾಯಿತು. ಹುಳದ ಮನೆಯೊಳಗೆ ಇನ್ನು ಅದನ್ನು ಸೇರಿಸುವ ಹಾಗಿರಲಿಲ್ಲ. ದೂರದಲ್ಲಿ, ಹೊಂಗೆ ಮರದ ಪಕ್ಕ ಶೀಟು ಇಳಿಸಿ ಅದರ ಕೆಳಗೆ ನಿಲ್ಲಿಸಿದೆ. ಪೆಟ್ಟಿಗೆಯ ತಗಡನ್ನು ಬಾಶೆಟ್ಟಿಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಅಳತೆಗೆ ಮಡಚಿಸಿ ತಂದೆ. ವೆಲ್ಡಿಂಗ್ ಸೆಟ್ಟು ಬಾಡಿಗೆಗೆ ಬಂತು. ಬಾಗಿಲ ಚೌಕಟ್ಟಿಗೆ ಪೈಪು ಬೆಸೆದು, ಎಡಗಡೆ ಪೂರ್ತಿ ಕತ್ತರಿಸಿ, ಒಳಗೆಲ್ಲ ಫಿಲ್ಟರ್ ನೀರು ಕುದಿಸಿ ಸುರಿದು, ಒಣಗಿಸಿ, ಬಣ್ಣ ಹಚ್ಚಿ, ಹೊಸ ಪೆಟ್ಟಿಗೆ ಇಟ್ಟೆ. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಬಿಸಿಗೆ ತಗಡು ತಿರುಚಿಕೊಳ್ಳುತ್ತದೆ. ಮುಂದೊಂದು ಚುಕ್ಕೆ, ಹಿಂದೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು. ಮೊದಲ ಸಲ ಆತುರಪಟ್ಟು ಒಂದು ಕಡೆ ಸುಟ್ಟು ತೂತು ಮಾಡಿದೆ. ಅದನ್ನು ಮುಚ್ಚಲು ಒಂದಿಡೀ ಭಾನುವಾರ ಹೋಯಿತು. ನನ್ನ ಬೆಸುಗೆ ನೋಡಲು ಚೆನ್ನಾಗಿಲ್ಲ, ಕಂಬಳಿಹುಳ ಹರಿದ ಹಾಗಿದೆ. ಆದರೆ ಆಯಸ್ಕಾಂತ ಇಟ್ಟಲ್ಲೆಲ್ಲ ಕಚ್ಚಿಕೊಳ್ಳುತ್ತದೆ.

ಬಲಗಡೆಯೂ ಮುಗಿದ ದಿನ ಪೈಪುಗಳನ್ನು ಕತ್ತರಿಸಿ ತೆಗೆದು, ಜಾಕನ್ನು ನಡುಮಧ್ಯಕ್ಕೇ ಕೊಟ್ಟು ಎತ್ತಿದೆ. ಚಕ್ರಗಳು ನೆಲ ಬಿಟ್ಟವು. ಎಡ ಬಾಗಿಲ ಹಿಡಿ ಎಳೆದೆ. ತೆಗೆಯಿತು. ತಳ್ಳಿದೆ. ಟಪ್ ಎಂದು ಮುಚ್ಚಿಕೊಂಡಿತು. ಎಷ್ಟೋ ಹೊತ್ತು ಅದನ್ನೇ ತೆಗೆದು ಮುಚ್ಚಿ ಮಾಡುತ್ತಿದ್ದೆ.

ಗ್ಯಾರೇಜಿನ ಮುಂದೆ ಬಸ್ಸು ಹೋಗುವಾಗ ಓನರು ಕಂಡರೆ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಒಳಗೆ ಮತ್ತೆ ಹೋಗಿಲ್ಲ. ಎಲ್ಲಾದರೂ ಪುಟ್ಟಿಯ ವಾಸನೆ ಬಂದರೆ ಈಗಲೂ ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತೇನೆ.

ತೊಳೆಯುವುದರಲ್ಲಿ ಕೊನೆಗೆ ಉಳಿದದ್ದು ಡಿಕ್ಕಿಯ ಮುಚ್ಚಳದ ಒಳಭಾಗ. ಗ್ಯಾರೇಜಿನವರು ಅಲ್ಲಿಗೆ ಬಣ್ಣ ಹೊಡೆದಿರಲಿಲ್ಲ. ಬ್ಲೀಚಿಂಗಿನ ಬಿಳಿ ಪದರ ಹಾಗೇ ಇತ್ತು. ಅದರಲ್ಲಿ ಬಟ್ಟೆ ಹಿಡಿದು ಒರೆಸಿದ ಗುರುತುಗಳು, ಅರ್ಧಚಂದ್ರದ ಹಾಗೆ, ಒಂದರ ಮೇಲೊಂದು. ಎಟುಕದ ಮೂಲೆಯಲ್ಲಿ ನಾಲ್ಕು ಬೆರಳು ಎಳೆದ ಗೆರೆ. ನಾನದನ್ನು ಮೊದಲ ದಿನವೇ ನೋಡಿದ್ದೆ. ಬೇರೆ ಕೆಲಸ ಇದೆಯೆಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದೆ.

ನೀರು ಕಾಯಿಸಿಕೊಂಡು ಬಂದ ಚಿಕ್ಕಮ್ಮ ಮುಚ್ಚಳದ ಕೆಳಗೆ ತಲೆ ಹಾಕಿ ನೋಡಿದಳು.

"ಅಕ್ಕನ ಕೈ ಅಲ್ವೇನೋ ಇದು."

"ಹೂಂ."

"ಇದನ್ನೂ ತೊಳೀಬೇಕಾ? ಇಷ್ಟಗಲ ಜಾಗ, ಯಾರಿಗೂ ಕಾಣಲ್ಲ."

"ಬಿಟ್ರೆ ಇಲ್ಲಿಂದಲೇ ಮತ್ತೆ ಶುರುವಾಗುತ್ತೆ ಚಿಕ್ಕಮ್ಮ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೊಂಬಿನಲ್ಲಿ ಬಿಸಿನೀರು ಮೊಗೆದು ಮೇಲಿನಿಂದ ಹೊಯ್ದಳು. ಹುಳದ ಮನೆಯ ವಾಸನೆ ಒಮ್ಮೆಗೇ ಎದ್ದು ಇಬ್ಬರ ಕಣ್ಣಿಗೂ ಹೊಡೆಯಿತು. ನಾನು ಬ್ರಷ್ಷು ಹಿಡಿದು ತಿಕ್ಕಿದೆ. ಅರ್ಧಚಂದ್ರಗಳು ಹೋದವು, ಬೆರಳಿನ ಗೆರೆಗಳು ಹೋದವು, ಬಿಳಿ ನೀರು ಮೊಣಕೈಯಿಂದ ಇಳಿದು ನೆಲಕ್ಕೆ ಬಿತ್ತು. ಅವಳು ಹೊಯ್ಯುತ್ತಲೇ ಇದ್ದಳು, ನಾನು ತಿಕ್ಕುತ್ತಲೇ ಇದ್ದೆ. ವಾಸನೆ ಕಡಿಮೆಯಾಗಿ, ಬರಿಯ ಒದ್ದೆ ಕಬ್ಬಿಣದ ವಾಸನೆ ಉಳಿಯಿತು. ಗಾಳಿ ಹೊಡೆದು ಒಣಗಿಸಿದೆವು. ತಗಡು ಗುಳಿ ಗುಳಿಯಾಗಿತ್ತು, ಆದರೆ ಕೆಂಪಾಗಲಿಲ್ಲ. ಊಟಕ್ಕೆ ಏಳು ಎಂದು ಚಿಕ್ಕಮ್ಮ ಕರೆದಳು. ಬೆಳ್ಳಗಾದ ತಗಡನ್ನು ಹಾಗೇ ಬಿಟ್ಟು ಏಳುವಂತಿಲ್ಲ. ಪ್ರೈಮರು ಹೊಡೆದು ಮುಗಿಸಿ ಬರುತ್ತೇನೆಂದೆ.